ತಪ್ಪನ್ನು ಕೂಡಲೇ ಹೇಳುವ ಯಂತ್ರ

ಮಕ್ಕಳೇ, ಕಿರುಪರೀಕ್ಷೆಯಲ್ಲಿ ನೀವು ಹತ್ತು ಲೆಕ್ಕ ಮಾಡಿದ್ದೀರಿ ಎಂದುಕೊಳ್ಳಿ. ಉತ್ತರ ಪತ್ರಿಕೆ ನಿಮ್ಮ ಕೈಗೆ ಮರಳಿ ಬರುವುದು ಯಾವಾಗ? ನಾಲ್ಕು ದಿನಕ್ಕೋ ವಾರಕ್ಕೋ. ಅಷ್ಟರಲ್ಲಿ ಆ ಲೆಕ್ಕವನ್ನು ಏಕೆ ಹಾಗೆ ಮಾಡಿದಿರಿ ಎಂಬುದೇ ನಿಮಗೆ ಮರೆತುಹೋಗಿರುತ್ತದೆ. ಎಷ್ಟು ಅಂಕ ಬಂತೆಂದು ನೋಡಿ ಹಾಳೆಯನ್ನು ಚೀಲಕ್ಕೆ ತುರುಕುತ್ತೀರಿ, ಅಲ್ಲವೇ? ಇದರಲ್ಲಿ ಶಿಕ್ಷಕರ ತಪ್ಪೇನೂ ಇಲ್ಲ. ನಲವತ್ತು ಮಕ್ಕಳು ಹತ್ತು ಹತ್ತು ಲೆಕ್ಕ ಮಾಡಿದರೆ ತಿದ್ದಬೇಕಾದದ್ದು ನಾನೂರು ಲೆಕ್ಕ!

1953ರಲ್ಲಿ ಅಮೆರಿಕದ ಬಿ.ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ತಮ್ಮ ಮಗಳ ಶಾಲೆಗೆ ಹೋಗಿದ್ದರು. ಮಗಳು ನಾಲ್ಕನೆಯ ತರಗತಿ. ಹಿಂದಿನ ಸಾಲಿನಲ್ಲಿ ಕುಳಿತು ಗಣಿತದ ಪಾಠ ನೋಡಿದರು. ಕೆಲವು ಮಕ್ಕಳು ಲೆಕ್ಕ ಮುಗಿಸಿ ಸುಮ್ಮನೆ ಕಾಯುತ್ತಿದ್ದರು. ಕೆಲವರಿಗೆ ಎಲ್ಲಿಂದ ಆರಂಭಿಸಬೇಕೆಂದೇ ತಿಳಿದಿರಲಿಲ್ಲ. ತಮ್ಮ ಉತ್ತರ ಸರಿಯೋ ತಪ್ಪೋ ಎಂಬುದು ಮಾತ್ರ ಯಾರಿಗೂ ಆಗಲೇ ಗೊತ್ತಾಗುತ್ತಿರಲಿಲ್ಲ.

ಇದು ಸ್ಕಿನ್ನರ್ ಅವರಿಗೆ ಸರಿಕಾಣಲಿಲ್ಲ. ಏಕೆಂದರೆ ಅವರು ವರ್ಷಗಟ್ಟಲೆ ಪಾರಿವಾಳಗಳಿಗೆ ಪಾಠ ಹೇಳಿದವರು! ಪಾರಿವಾಳ ಬೇಕಾದ ಕಡೆಗೆ ಸ್ವಲ್ಪ ತಿರುಗಿದರೂ ಆ ಕ್ಷಣವೇ ಒಂದಿಷ್ಟು ಕಾಳು ಬೀಳುತ್ತಿತ್ತು. ಹೀಗೆ ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಕಲಿಸಿ, ಎರಡು ಪಾರಿವಾಳಗಳಿಂದ ಮೇಜಿನ ಮೇಲೆ ಚೆಂಡಾಟವನ್ನೂ ಆಡಿಸಿದ್ದರು. ಕಾಳು ತಡವಾಗಿ ಬಿದ್ದರೆ ಯಾವ ಕೆಲಸಕ್ಕೆ ಅದು ಸಿಕ್ಕಿತೆಂದು ಹಕ್ಕಿಗೆ ತಿಳಿಯುವುದಿಲ್ಲ. ಕಲಿಕೆಯ ಫಲ ಒಡನೆಯೇ ಗೊತ್ತಾಗಬೇಕು ಎಂಬುದು ಅವರ ಗಟ್ಟಿ ನಂಬಿಕೆಯಾಗಿತ್ತು.

ಸ್ಕಿನ್ನರ್ ಒಂದು ಪೆಟ್ಟಿಗೆ ಮಾಡಿದರು. ಅದಕ್ಕೆ 'ಕಲಿಸುವ ಯಂತ್ರ' ಎಂದು ಹೆಸರು. ಅದರ ಒಂದು ಮಾದರಿಯಲ್ಲಿ ಚಿಕ್ಕ ಕಿಟಕಿಯೊಳಗೆ ಪ್ರಶ್ನೆ ಕಾಣುತ್ತಿತ್ತು. ಪಕ್ಕದ ಕಾಗದದ ಪಟ್ಟಿಯ ಮೇಲೆ ವಿದ್ಯಾರ್ಥಿ ಉತ್ತರ ಬರೆಯಬೇಕು. ಸನ್ನೆಯನ್ನು ತಳ್ಳಿದರೆ ಬರೆದದ್ದು ಗಾಜಿನ ಅಡಿಗೆ ಸರಿಯುತ್ತಿತ್ತು, ಸರಿ ಉತ್ತರ ಎದುರಿಗೆ ಬರುತ್ತಿತ್ತು. ಬರೆದದ್ದನ್ನು ಮತ್ತೆ ತಿದ್ದುವಂತಿಲ್ಲ, ಆದರೆ ಎಲ್ಲರ ಎದುರು ಎದ್ದು ನಿಂತು ನಾಚಿಕೊಳ್ಳಬೇಕಾದ್ದೂ ಇಲ್ಲ. ತಪ್ಪು ಮಾಡಿದ ಮಗುವಿಗೂ ಯಂತ್ರಕ್ಕೂ ಮಾತ್ರ ಅದು ಗೊತ್ತು. ಕೈ ಎತ್ತಲು ಹೆದರುವ ಮಕ್ಕಳಿಗೆ ಇದೇನು ಸಣ್ಣ ಅನುಕೂಲವಲ್ಲ.

ಇಂಥ ಯಂತ್ರ ಇದೇ ಮೊದಲಲ್ಲ. 1920ರ ದಶಕದಲ್ಲಿಯೇ ಸಿಡ್ನಿ ಪ್ರೆಸ್ಸಿ ಎಂಬ ಪ್ರಾಧ್ಯಾಪಕರು ನಾಲ್ಕು ಗುಂಡಿಗಳ ಒಂದು ಯಂತ್ರ ತಯಾರಿಸಿದ್ದರು. ಸರಿಯಾದ ಗುಂಡಿ ಒತ್ತುವವರೆಗೆ ಮುಂದಿನ ಪ್ರಶ್ನೆ ಬಾರದಂತೆ ಅದನ್ನು ಹೊಂದಿಸಬಹುದಿತ್ತು. ನಿಗದಿಯಾದಷ್ಟು ಉತ್ತರ ಸರಿಯಾದರೆ ಮಿಠಾಯಿ ಬೀಳುವ ಏರ್ಪಾಡೂ ಇತ್ತು. ಮಿಠಾಯಿಯ ವಿಚಾರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈ ಪೆಟ್ಟಿಗೆಗಳಿಗೆ ಒಂದು ದೊಡ್ಡ ಕೊರತೆ ಇತ್ತು. ಉತ್ತರ ತಪ್ಪು ಎಂದು ಹೇಳುತ್ತಿದ್ದವು, ಏಕೆ ತಪ್ಪು ಎಂದು ಹೇಳುತ್ತಿರಲಿಲ್ಲ. ಅದಕ್ಕೆ ಕಂಪ್ಯೂಟರ್ ಬರಬೇಕಾಯಿತು. 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು 'ಪ್ಲೇಟೋ' ಎಂಬ ಕಲಿಕಾ ವ್ಯವಸ್ಥೆಯನ್ನು ಆರಂಭಿಸಿದರು. 1972ರ ಹೊತ್ತಿಗೆ ಅದರ ಪರದೆಯನ್ನು ಬೆರಳಿನಿಂದ ಮುಟ್ಟಿಯೇ ಉತ್ತರ ಕೊಡಬಹುದಿತ್ತು. ಮೊಬೈಲ್ ಫೋನು ಅಂಗಡಿಗೆ ಬರುವುದಕ್ಕೂ ಮುಂಚಿನ ಮಾತಿದು!

ಕಂಪ್ಯೂಟರ್ 'ಏಕೆ ತಪ್ಪು' ಎಂಬುದನ್ನು ಹೇಗೆ ಕಂಡುಕೊಳ್ಳುತ್ತದೆ? ಒಂದು ಲೆಕ್ಕ ನೋಡೋಣ. 1/2 + 1/3 ಎಷ್ಟು? ಒಬ್ಬ ಹುಡುಗಿ 2/5 ಎಂದು ಬರೆದಳು. ಅವಳು ಏನು ಮಾಡಿರಬಹುದು? ಮೇಲಿನ ಅಂಕಿಗಳನ್ನು ಕೂಡಿಸಿ 2 ಎಂದಳು, ಕೆಳಗಿನವನ್ನು ಕೂಡಿಸಿ 5 ಎಂದಳು. ಬಹಳ ಮಕ್ಕಳು ಮಾಡುವ ತಪ್ಪು ಇದು. ಇದನ್ನು ಬಲ್ಲ ಒಬ್ಬ ಶಿಕ್ಷಕರು ಕಂಪ್ಯೂಟರಿಗೆ ಮೊದಲೇ ಹೀಗೆ ಹೇಳಿಟ್ಟಿರುತ್ತಾರೆ: ಉತ್ತರ 5/6 ಬಂದರೆ ಮುಂದಿನ ಲೆಕ್ಕ ಕೊಡು, 2/5 ಬಂದರೆ ರೊಟ್ಟಿಯ ಚಿತ್ರ ತೋರಿಸು, ಬೇರೇನು ಬಂದರೂ ಇನ್ನೊಂದು ಸುಲಭದ ಲೆಕ್ಕ ಕೊಡು. ಪರದೆಯ ಮೇಲೆ ಅರ್ಧ ರೊಟ್ಟಿ ಮೂಡುತ್ತದೆ. ಅದರ ಪಕ್ಕಕ್ಕೆ ಮೂರರಲ್ಲಿ ಒಂದು ಭಾಗದ ತುಂಡು ಬಂದು ಕೂರುತ್ತದೆ. '2/5 ಎಂದರೆ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?' ಎಂಬ ಪ್ರಶ್ನೆ ಬರುತ್ತದೆ. ಕಡಿಮೆ! ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆ ಆದೀತೇ? ಹುಡುಗಿ ತನ್ನ ತಪ್ಪನ್ನು ತಾನೇ ಹಿಡಿಯುತ್ತಾಳೆ.

ಇಲ್ಲಿ ಜಾಣತನ ಕಂಪ್ಯೂಟರಿನದಲ್ಲ, ಆ ಶಿಕ್ಷಕರದು. ಕಂಪ್ಯೂಟರ್ ಅದನ್ನು ಬೇಸರವಿಲ್ಲದೆ ಸಾವಿರ ಸಲ ಮಾಡುತ್ತದೆ, ಅಷ್ಟೇ. ಈಗಿನ ಕೆಲವು ತಂತ್ರಾಂಶಗಳು ಬಹಳಷ್ಟು ವಿದ್ಯಾರ್ಥಿಗಳ ಉತ್ತರಗಳನ್ನು ಹೋಲಿಸಿ, ಯಾರು ಎಲ್ಲಿ ಎಡವುತ್ತಾರೆ ಎಂದು ತಾವೇ ಊಹಿಸುವುದೂ ಉಂಟು.

ತಂತ್ರಜ್ಞಾನ ಯಾವುದಾದರೂ ಆದೀತು ಎನ್ನುವಂತಿಲ್ಲ. 2004ರ ಸೆಪ್ಟೆಂಬರ್ 20ರಂದು ನಮ್ಮ ಇಸ್ರೋ ಸಂಸ್ಥೆ ಶ್ರೀಹರಿಕೋಟಾದಿಂದ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದು ಶಿಕ್ಷಣಕ್ಕೆಂದೇ ಮಾಡಿದ ಉಪಗ್ರಹ. ಆಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಅದರ ಮೂಲಕ ಬಂದ ಪಾಠಗಳನ್ನು ಟಿ.ವಿ.ಯಲ್ಲಿ ನೋಡಿದರು. ದೂರದ ಹಳ್ಳಿಗೂ ಒಳ್ಳೆಯ ಪಾಠ ತಲುಪುವುದು ದೊಡ್ಡ ಸಂಗತಿಯೇ. ಆದರೆ ಟಿ.ವಿ. ಪಾಠ ಯಾರಿಗೂ ಕಾಯುವುದಿಲ್ಲ. ನಿಮಗೆ ಅರ್ಥವಾಗದಿದ್ದರೂ ಅದು ಮುಂದಕ್ಕೆ ಓಡುತ್ತದೆ. ಅಲ್ಲಿ ನಿಲ್ಲಿಸಿ ಕೇಳಲು ತರಗತಿಯಲ್ಲಿ ಶಿಕ್ಷಕರೇ ಬೇಕು.

ಈಗ ಮಿಠಾಯಿಗೆ ಬರೋಣ. ಮೊಬೈಲಿನ ಕಲಿಕಾ ಆಟಗಳಲ್ಲಿ ಉತ್ತರ ಸರಿಯಾದರೆ ನಕ್ಷತ್ರ ಬೀಳುತ್ತದೆ, ನಾಣ್ಯ ಸಿಗುತ್ತದೆ. ಕೆಲವು ತರಗತಿಗಳಲ್ಲಿ ಸದ್ದು ಮಾಡದೆ ಕುಳಿತದ್ದಕ್ಕೂ ಪರದೆಯ ಮೇಲೆ ಅಂಕ ಕೊಡುತ್ತಾರೆ. ಇದರಿಂದ ನಮ್ಮ ವರ್ತನೆ ಸುಧಾರಿಸುತ್ತದೆಯೇ?

1973ರಲ್ಲಿ ಅಮೆರಿಕದ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅದರಲ್ಲಿದ್ದವರು ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಶಿಶುವಿಹಾರದ ಪುಟಾಣಿಗಳು. ಒಂದು ಗುಂಪಿಗೆ 'ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿ ಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು, ಅದೇ ಪೆನ್ನುಗಳನ್ನು ಆಟದ ಹೊತ್ತಿನಲ್ಲಿ ಮೇಜಿನ ಮೇಲಿಟ್ಟು ಸುಮ್ಮನೆ ಗಮನಿಸಿದರು. ಏನಾಯಿತು, ಊಹಿಸಬಲ್ಲಿರಾ? ಬಹುಮಾನದ ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಉಳಿದವರು ಬರೆದ ಹೊತ್ತಿನಲ್ಲಿ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು! ಇಷ್ಟಪಟ್ಟು ಮಾಡುತ್ತಿದ್ದ ಆಟ ಅವರಿಗೆ ಕೂಲಿಯ ಕೆಲಸದಂತೆ ಆಗಿಬಿಟ್ಟಿತ್ತು.

ಹಾಗಾದರೆ ಪಾರಿವಾಳದ ಕಾಳು ಸುಳ್ಳೇ? ಸುಳ್ಳಲ್ಲ. ಕಾಳು ಸಿಗುವವರೆಗೆ ಪಾರಿವಾಳ ಆಡುತ್ತದೆ. 'ನಿನ್ನ ಉತ್ತರ ಸರಿ, ಏಕೆಂದರೆ...' ಎನ್ನುವ ಮಾತು ಕಲಿಸುತ್ತದೆ, ನಕ್ಷತ್ರ ಹಾಗಲ್ಲ. ನಕ್ಷತ್ರಕ್ಕಾಗಿ ಆಡುವವರು ಓದದೆಯೇ ಒಂದಾದ ಮೇಲೊಂದು ಗುಂಡಿ ಒತ್ತುತ್ತಾ ಹೋಗುವುದನ್ನು ನೀವೂ ನೋಡಿರಬಹುದು. ನಾಲ್ಕು ಗುಂಡಿಗಳಿದ್ದರೆ ನಾಲ್ಕನೆಯ ಸಲಕ್ಕಾದರೂ ಸರಿ ಉತ್ತರ ಸಿಗಲೇಬೇಕಲ್ಲ!

ಕಂಪ್ಯೂಟರ್ ಮಾಡುವ ಇನ್ನೊಂದು ಕೆಲಸ ನಿಜಕ್ಕೂ ಉಪಯುಕ್ತ. ಅದು ಮರೆವಿಗೆ ಸಂಬಂಧಿಸಿದ್ದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಅವು ಎಷ್ಟು ಬೇಗ ಮರೆಯುತ್ತವೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದರು. ಕಲಿತ ಮೊದಲ ಒಂದು ಗಂಟೆಯಲ್ಲೇ ಮರೆವು ಹೆಚ್ಚು, ಆಮೇಲೆ ಅದು ನಿಧಾನ. ಕಲಿತದ್ದನ್ನು ಒಂದೇ ರಾತ್ರಿ ಹತ್ತು ಸಲ ಓದುವುದಕ್ಕಿಂತ ದಿನಗಳನ್ನು ಬಿಟ್ಟು ಬಿಟ್ಟು ನೆನಪಿಸಿಕೊಂಡರೆ ಅದು ಉಳಿಯುತ್ತದೆ. 1987ರಲ್ಲಿ ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ ಎಂಬ ವಿದ್ಯಾರ್ಥಿ ಇದಕ್ಕಾಗಿಯೇ ಒಂದು ಕಂಪ್ಯೂಟರ್ ತಂತ್ರಾಂಶ ಬರೆದರು. ಯಾವ ಪ್ರಶ್ನೆಯನ್ನು ಯಾವ ದಿನ ಮತ್ತೆ ಕೇಳಬೇಕೆಂದು ಅದು ಲೆಕ್ಕ ಹಾಕುತ್ತಿತ್ತು.

ಅದಕ್ಕೂ ಮೊದಲು, 1972ರಲ್ಲಿ, ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತರು ಇದೇ ಕೆಲಸವನ್ನು ರಟ್ಟಿನ ಪೆಟ್ಟಿಗೆಯಿಂದ ಮಾಡುವ ಉಪಾಯ ಹೇಳಿದ್ದರು. ಅದಕ್ಕೆ ಕಂಪ್ಯೂಟರ್ ಬೇಡ, ಕರೆಂಟೂ ಬೇಡ.

ಮಾಡಿ ನೋಡಿ

ಹಳೆಯ ಲಗ್ನಪತ್ರಿಕೆಗಳನ್ನು ಅಂಗೈ ಅಗಲದ ಕಾರ್ಡುಗಳಾಗಿ ಕತ್ತರಿಸಿ. ಒಂದು ಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ ಬರೆಯಿರಿ. ಮಗ್ಗಿ, ಇಂಗ್ಲಿಷ್ ಪದ, ಜಿಲ್ಲೆಗಳ ಹೆಸರು, ಏನಾದರೂ ಆಗಬಹುದು. ಇಪ್ಪತ್ತು ಕಾರ್ಡು ಸಾಕು. ಚಪ್ಪಲಿಯ ರಟ್ಟಿನ ಪೆಟ್ಟಿಗೆಯಲ್ಲಿ ಮೂರು ಮನೆ ಮಾಡಿ. ಎಲ್ಲ ಕಾರ್ಡುಗಳೂ ಮೊದಲ ಮನೆಯಲ್ಲಿರಲಿ.

ಮೊದಲ ಮನೆಯ ಕಾರ್ಡುಗಳನ್ನು ದಿನವೂ ಕೇಳಿಕೊಳ್ಳಿ. ಎರಡನೆಯ ಮನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಮನೆಗೆ ಹೋಗುತ್ತದೆ. ತಪ್ಪಾದರೆ ಯಾವ ಮನೆಯಲ್ಲಿದ್ದರೂ ಮೊದಲ ಮನೆಗೆ ವಾಪಸ್. ಉತ್ತರವನ್ನು ಜೋರಾಗಿ ಹೇಳಿದ ಮೇಲೆಯೇ ಕಾರ್ಡು ತಿರುಗಿಸಬೇಕು. ತಿರುಗಿಸಿ ನೋಡಿ 'ಗೊತ್ತಿತ್ತು' ಎಂದರೆ ಲೆಕ್ಕಕ್ಕಿಲ್ಲ.

ಇಬ್ಬರು ಗೆಳೆಯರು ಸೇರಿದರೆ ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸಬಹುದು. ಪ್ರತಿ ಶನಿವಾರ ಯಾವ ಮನೆಯಲ್ಲಿ ಎಷ್ಟು ಕಾರ್ಡು ಇವೆ ಎಂದು ಎಣಿಸಿ ಒಂದು ಪಟ್ಟಿಯಲ್ಲಿ ಬರೆದಿಡಿ. ಮೊದಲ ಮನೆಗೆ ಮತ್ತೆ ಮತ್ತೆ ಬೀಳುವ ಕಾರ್ಡನ್ನು ಗಮನಿಸಿ, ಅದನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ. ಮೂರನೆಯ ಮನೆಯನ್ನೂ ದಾಟಿದ ಕಾರ್ಡುಗಳನ್ನು ದಾರ ಕಟ್ಟಿ ತೆಗೆದಿಡಿ. ಒಂದು ತಿಂಗಳ ನಂತರ ಅವನ್ನು ಬಿಚ್ಚಿ ಒಮ್ಮೆ ಕೇಳಿಕೊಳ್ಳಿ. ಮರೆತಿದ್ದರೆ ಅದು ಮತ್ತೆ ಮೊದಲ ಮನೆಗೆ.