ಬಣ್ಣ ಏಕೆ ಉದುರಿತು?

ಮಕ್ಕಳೇ, ಮರದ ಬಾಗಿಲಿಗೆ ಬಳಿದ ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ. ಮೊಬೈಲಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಬಳಿದದ್ದು ಬೇಗನೆ ಉದುರುತ್ತದೆ. ಏಕೆ ಗೊತ್ತೇ? ಮರದಲ್ಲಿ ಸೂಕ್ಷ್ಮ ರಂಧ್ರಗಳಿವೆ. ಬಣ್ಣ ಅವುಗಳೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ನುಣುಪು, ಅದು ಬಣ್ಣವನ್ನು ಹೀರುವುದಿಲ್ಲ. ಕೈಯ ಜಿಡ್ಡು ಅಂಟಿದ್ದರೆ ಹಿಡಿತ ಇನ್ನೂ ಕಡಿಮೆ.

ಮಾಡಿ ನೋಡಿ: ಕೆಟ್ಟ ಮೊಬೈಲಿನಿಂದ ದೊಡ್ಡವರು ಬಿಚ್ಚಿಕೊಟ್ಟ ಹಿಂಬದಿ ಮುಚ್ಚಳವನ್ನು ಸಾಬೂನಿನಿಂದ ತೊಳೆಯಿರಿ. ಒದ್ದೆ ಇರುವಾಗಲೇ ಅರ್ಧ ಭಾಗವನ್ನು ಮಾತ್ರ ಮರಳು ಕಾಗದದಿಂದ ಉಜ್ಜಿ, ಒರೆಸಿ ಒಣಗಿಸಿ. ಇಡೀ ಮುಚ್ಚಳಕ್ಕೆ ನೀರಿನಲ್ಲಿ ಕಲಸುವ ಬಣ್ಣವನ್ನು ತೆಳುವಾಗಿ ಬಳಿಯಿರಿ. ಯಲ್ಲಾಪುರದ ನಂದೊಳ್ಳಿಯಂಥ ಮಲೆನಾಡಿನ ಊರುಗಳಲ್ಲಿ ಮಳೆಗಾಲದ ಗಾಳಿ ತೇವದಿಂದ ಕೂಡಿರುತ್ತದೆ. ಬಣ್ಣ ನಿಧಾನವಾಗಿ ಒಣಗುತ್ತದೆ. ಪೂರ್ತಿ ಒಣಗಿದ ಮೇಲೆ ಉಗುರಿನಿಂದ ಕೆರೆಯಿರಿ. ಯಾವ ಭಾಗದಲ್ಲಿ ಹೆಚ್ಚು ಬಣ್ಣ ಉಳಿಯಿತು? ಉಜ್ಜಿದ ಗೀರುಗಳನ್ನು ನೆನಪಿಸಿಕೊಂಡು ಕಾರಣ ಬರೆಯಿರಿ.

ಎಚ್ಚರಿಕೆ: ಬ್ಯಾಟರಿ ಇರುವ ಫೋನನ್ನು ತೊಳೆಯಬೇಡಿ. ತಿನ್ನರ್ ಮುಟ್ಟಬೇಡಿ, ಅದು ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ, ಬೇಗನೆ ಬೆಂಕಿಯನ್ನೂ ಹಿಡಿಯುತ್ತದೆ.