ತೊಗಲಿನ ಸಾಮಾನು ಮತ್ತು ಚರಬಿ

ಕಾರಹುಣ್ಣಿಮೆ ಸಮೀಪಿಸಿದಾಗ ಎತ್ತಿನ ಗೆಜ್ಜೆಪಟ್ಟಿಯನ್ನು ಗೂಟದಿಂದ ಇಳಿಸಿ ನೋಡಿದರೆ ಮಡಿಕೆಯಲ್ಲೆಲ್ಲ ಬಿರುಕು ಬಿಟ್ಟಿರುವದು ಮೈಂದರ್ಗಿಯ ಕಡೆಯ ಒಕ್ಕಲಿಗರಿಗೆ ಹೊಸ ಮಾತಲ್ಲ. ಅಕ್ಕಲಕೋಟ ತಾಲೂಕಿನ ಬೇಸಿಗೆ ಬಲು ಒಣ ಬೇಸಿಗೆ. ಹದ ಮಾಡುವಾಗ ತೊಗಲಿಗೆ ಕುಡಿಸಿದ ಜಿಡ್ಡು ಬರಬರುತ್ತ ಕಡಿಮೆಯಾಗಿ, ಒಳಗಿನ ಎಳೆಗಳು ಒಂದಕ್ಕೊಂದು ಅಂಟಿ ಬಿರುಸಾಗುತ್ತವೆ, ಬಗ್ಗಿಸಿದೊಡನೆ ಮುರಿಯುತ್ತವೆ. ಈ ಜಿಡ್ಡನ್ನು ಮರಳಿ ಕೊಡಲು ಹಿಂದಿನವರು ಬಳಸುತ್ತಿದ್ದ ವಸ್ತು ಚರಬಿ. ಅಂದರೆ ಕುರಿ, ಆಡು, ದನಗಳ ಕೊಬ್ಬನ್ನು ಕರಗಿಸಿ ಸೋಸಿದ ಗಟ್ಟಿ ಜಿಡ್ಡು.

ಡೀಝೆಲ್ ಎಂಜಿನ್, ವಿದ್ಯುತ್ ಪಂಪು ಬರುವ ಮುಂಚೆ ನಮ್ಮ ಬಾವಿಗಳ ನೀರು ತೊಗಲಿನ ಮೋಟಿನಿಂದ ಮೇಲೆ ಬರುತ್ತಿತ್ತು. ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ಮೋಟು ಏರುವದು, ಸೊಂಡಿಲು ನೀರನ್ನು ಡೋಣಿಗೆ ಸುರಿಯುವದು. ದಿನವೆಲ್ಲ ನೆನೆದು, ಬಗ್ಗಿ, ಮತ್ತೆ ಬಿಸಿಲಿಗೆ ಒಣಗುವ ತೊಗಲು ಜಿಡ್ಡಿಲ್ಲದೆ ಬಾಳಲಾರದು. ಕಬ್ಬಿಣದ ಮೋಟು ಬಂದ ಮೇಲೂ ಸೊಂಡಿಲು ಮಾತ್ರ ತೊಗಲಿನದೇ ಉಳಿಯಿತು.

ಚರಬಿಯ ಕೆಲಸ ಹೊಲಕ್ಕೇ ಮುಗಿಯುತ್ತಿರಲಿಲ್ಲ. ಬಟ್ಟೆ ಗಿರಣಿಗಳಲ್ಲಿ ಹಾಸುನೂಲಿಗೆ ಕೊಡುವ ಗಂಜಿಯಲ್ಲಿ ಚರಬಿ ಬೆರೆಸುವ ರೂಢಿಯಿತ್ತು. ಬರಿಯ ಗಂಜಿ ಕುಡಿದ ನೂಲು ಬಿರುಸಾಗಿ ಮಗ್ಗದಲ್ಲಿ ಹರಿಯುವದು. 1877ರಲ್ಲೇ ಗಿರಣಿ ಕಂಡ ಸೊಲ್ಲಾಪುರದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಬೂನು, ಮೇಣಬತ್ತಿಗಳಿಗೂ ಅದು ಹೋಗುತ್ತಿತ್ತು. ವನಸ್ಪತಿಯಲ್ಲಿ ದನದ ಚರಬಿ ಬೆರೆತಿದೆಯೆಂದು 1983ರಲ್ಲಿ ದೇಶದಲ್ಲೆಲ್ಲ ಗದ್ದಲವೆದ್ದು, ಸರಕಾರ ಅದರ ಆಮದನ್ನೇ ನಿಷೇಧಿಸಿತು.

ಈಗ ಮಾಡುವ ರೀತಿ. ಕುರಿಯ ಮೂತ್ರಪಿಂಡದ ಸುತ್ತಲಿನ ಕೊಬ್ಬು ಎಲ್ಲಕ್ಕೂ ಗಟ್ಟಿ, ಅದನ್ನೇ ತರಬೇಕು. ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಯಲ್ಲಿ ತುಸು ನೀರು ಹಾಕಿ ಸಣ್ಣ ಉರಿಯ ಮೇಲೆ ಕರಗಿಸಬೇಕು. ನೀರಿದ್ದರೆ ತಳ ಹತ್ತುವದಿಲ್ಲ. ಚೂರುಗಳು ಕೆಂಪಗಾದಾಗ ಅರಿವೆಯಲ್ಲಿ ಸೋಸಿ ಆರಲು ಬಿಟ್ಟರೆ ಚರಬಿ ಮೇಲೆ ಬಿಲ್ಲೆಯಾಗಿ ನಿಲ್ಲುತ್ತದೆ. ಕೆಳಗಿನ ನೀರನ್ನು ಚೆಲ್ಲಿ, ಬಿಲ್ಲೆಯ ಅಡಿಯ ಕಸರನ್ನು ಕೆರೆದು, ಇನ್ನೊಮ್ಮೆ ಕರಗಿಸಿ ನೀರಿನಂಶವನ್ನು ಪೂರ್ತಿ ಹೋಗಿಸಬೇಕು. ಮಾಂಸದ ಚೂರಾಗಲಿ ನೀರಾಗಲಿ ಉಳಿದರೆ ನಾತ ಹಿಡಿಯುವದು. ಉಪ್ಪು ಹಾಕಬಾರದು, ಅದು ತೊಗಲನ್ನು ಕೆಡಿಸುತ್ತದೆ.

ಕುರಿಯ ಚರಬಿ ಕರಗಲು ಸುಮಾರು 45ರಿಂದ 50 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆದ್ದರಿಂದ ಅದೊಂದನ್ನೇ ಹಚ್ಚಿದರೆ ತೊಗಲಿನ ಮೇಲೆ ಹೆಪ್ಪುಗಟ್ಟಿ ಕೂಡುತ್ತದೆ, ಒಳಗಿಳಿಯುವದಿಲ್ಲ. ಔಡಲೆಣ್ಣೆ ಬೆರೆಸಿ ಬೆಣ್ಣೆಯಷ್ಟು ಮೆತ್ತಗೆ ಮಾಡಿಕೊಳ್ಳಿರಿ. ಚಳಿಗಾಲದಲ್ಲಿ ಎಣ್ಣೆ ತುಸು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಮೊದಲು ತೊಗಲಿನ ಧೂಳು ಒರೆಸಿ, ಹಸಿ ಅರಿವೆಯಿಂದ ತೇವ ಮಾಡಿ, ಆ ತೇವವಿರುವಾಗಲೇ ತಿಕ್ಕಿ ನೆರಳಲ್ಲಿ ತೂಗುಹಾಕಬೇಕು. ನೀರು ಆರುತ್ತ ಹೋದಂತೆ ಜಿಡ್ಡು ಅದರ ಜಾಗಕ್ಕೆ ಇಳಿಯುತ್ತದೆ.

ನಾನೊಮ್ಮೆ ಅವಸರಪಟ್ಟು, ಒಲೆಯಿಂದ ಇಳಿಸಿದ ಚರಬಿಯನ್ನು ತೊಯ್ದ ಪಟ್ಟಿಯ ಮೇಲೆ ಹಾಗೆಯೇ ಸುರಿದೆ. ಕಣ್ಣೆದುರೇ ಪಟ್ಟಿ ಮುದುಡಿ ಕೊರಡಾಯಿತು. ನಮ್ಮ ತಂದೆಯವರು ಜೋಪಾನ ಮಾಡಿದ್ದ ಸಾಮಾನು ಅದು. ತೊಯ್ದ ತೊಗಲಿಗೆ ಹೆಚ್ಚು ಕಾವು ತಾಕಿದರೆ ಅದು ಕುಗ್ಗುವದು, ಮತ್ತೆ ಮೊದಲಿನಂತಾಗದು. ಕೈ ತಾಳುವಷ್ಟೇ ಬೆಚ್ಚಗಿರಲಿ.

ಚರಬಿಯನ್ನು ಹೊಸ್ತಿಲೊಳಗೆ ತಾರದ ಮನೆಗಳು ನಮ್ಮಲ್ಲಿ ಬಹಳ. ಅವರು ಬರಿಯ ಔಡಲೆಣ್ಣೆಯನ್ನೇ ತೆಳುವಾಗಿ ಎರಡು ಸಲ ಹಚ್ಚಲಿ. ಕೆಲಸ ನಡೆಯುತ್ತದೆ, ಬೇಗ ಬೇಗ ಹಚ್ಚಬೇಕಾದೀತು ಅಷ್ಟೆ. ಕೊಂಕಣ, ಉತ್ತರ ಕನ್ನಡದ ಕಡೆ ಮುರುಗಲ ಬೀಜದಿಂದ ತೆಗೆಯುವ ತುಪ್ಪವೂ ಗಟ್ಟಿಯೇ. ಅಲ್ಲಿಯವರು ಒಡೆದ ಹಿಮ್ಮಡಿಗೆ ಅದನ್ನು ಹಚ್ಚುತ್ತಾರೆ.

ಗೆಜ್ಜೆಗಳಿಗೆ ಮೆತ್ತಿದ ಜಿಡ್ಡನ್ನು ಒಣ ಅರಿವೆಯಿಂದ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಮತ್ತು ಪಟ್ಟಿಯನ್ನು ಇಲಿಗೆ ಎಟುಕದ ಹಾಗೆ ತೂಗುಹಾಕಿರಿ. ಚರಬಿಯ ವಾಸನೆಗೆ ಇಲಿಗಳು ತೊಗಲನ್ನೇ ಕಡಿಯುತ್ತವೆ.