ಮಣ್ಣಿನ ಲೆಕ್ಕ, ಮೈಯ ಲೆಕ್ಕ

ಯಳಂದೂರು ತಾಲ್ಲೂಕಿನ ಹೊನ್ನೂರು ಭತ್ತ, ಕಬ್ಬು ಬೆಳೆಯುವ ಸೀಮೆಯ ಊರು. ಸುಣ್ಣದಂಶ ಹೆಚ್ಚಿರುವ ಹೊಲದಲ್ಲಿ ನೆಟ್ಟ ಕಬ್ಬಿನ ಎಳೆಯ ಗರಿಗಳು ಹಸುರು ಕಳೆದುಕೊಂಡು ಬಿಳಿಚಿಕೊಳ್ಳುವುದುಂಟು. ಅದು ಕಬ್ಬಿಣದ ಕೊರತೆಯ ಲಕ್ಷಣ. ಆದರೆ ಅಂಥ ಹೊಲದ ಮಣ್ಣನ್ನು ಪರೀಕ್ಷಿಸಿದರೆ ಅಲ್ಲಿ ಕಬ್ಬಿಣಕ್ಕೆ ಬರವೇನೂ ಕಾಣದು. ಕಣಜದ ತುಂಬ ಭತ್ತವಿದ್ದೂ ಬೀಗದ ಕೈ ಕಳೆದುಕೊಂಡ ಮನೆಯವರ ಪಾಡು ಆ ಗಿಡದ್ದು. ಸುಣ್ಣದ ಮಣ್ಣಿನಲ್ಲಿ ಕಬ್ಬಿಣವು ನೀರಿಗೆ ಕರಗದ ರೂಪದಲ್ಲಿ ಉಳಿದುಬಿಡುವುದರಿಂದ ಬೇರಿಗೆ ಅದು ಎಟುಕುವುದಿಲ್ಲ. ಮಣ್ಣಿನಲ್ಲಿ ಇರುವುದು ಒಂದು ಲೆಕ್ಕ. ಜೀವಕ್ಕೆ ದಕ್ಕುವುದು ಇನ್ನೊಂದು ಲೆಕ್ಕ. ಈ ದಕ್ಕುವ ಪಾಲನ್ನೇ ವಿಜ್ಞಾನಿಗಳು ‘ಜೈವಿಕ ಲಭ್ಯತೆ’ ಎಂದು ಕರೆಯುತ್ತಾರೆ.

ಪೋಷಕ ವಸ್ತುವಿಗೆ ಸಲ್ಲುವ ಈ ಮಾತು ವಿಷಕ್ಕೂ ಸಲ್ಲುತ್ತದೆ. ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿಂಜು ಎಂಬ ನದಿಯಿದೆ. ಅದರ ಮೇಲ್ಭಾಗದ ಗಣಿಯಿಂದ ಹರಿದು ಬಂದ ಕ್ಯಾಡ್ಮಿಯಂ ಎಂಬ ಲೋಹವು ಕಾಲುವೆಯ ನೀರಿನೊಡನೆ ಭತ್ತದ ಗದ್ದೆಗಳನ್ನು ಸೇರಿತು. ಗದ್ದೆಯಲ್ಲಿ ನೀರು ನಿಂತಿರುವಷ್ಟು ಕಾಲ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಕರಗದೆ ಕುಳಿತಿರುತ್ತದೆ. ಕೊಯ್ಲಿಗೆ ಮುನ್ನ ರೈತನು ನೀರು ಬಸಿದೊಡನೆ ಮಣ್ಣಿಗೆ ಗಾಳಿಯಾಡಿ, ಆ ಬಂಧ ಸಡಿಲುತ್ತದೆ. ಲೋಹವು ಬೇರಿನ ಮೂಲಕ ಕಾಳನ್ನು ಸೇರುತ್ತದೆ. ಎಲ್ಲ ಊರಿನ ಭತ್ತದ ರೈತರೂ ಮಾಡುವ ಕೆಲಸವನ್ನೇ ಅಲ್ಲಿಯವರೂ ಮಾಡಿದರು. ದಿನನಿತ್ಯ ಅದೇ ಅಕ್ಕಿಯನ್ನು ಉಂಡವರಲ್ಲಿ, ಅದರಲ್ಲಿಯೂ ಹಲವು ಮಕ್ಕಳನ್ನು ಹೆತ್ತ ವಯಸ್ಸಾದ ಹೆಂಗಸರಲ್ಲಿ, ಮೂತ್ರಪಿಂಡ ಕೆಟ್ಟು ಮೂಳೆಗಳು ಮುರಿಯತೊಡಗಿದವು. ಆ ರೋಗಕ್ಕೆ ‘ಇತಾಯ್ ಇತಾಯ್’ ಎಂದು ಹೆಸರಾಯಿತು. ‘ನೋವು, ನೋವು’ ಎಂಬ ಕೂಗೇ ಅದು. ಪರಿಸರದ ಮಾಲಿನ್ಯದಿಂದ ಬಂದ ರೋಗವೆಂದು ಜಪಾನ್ ಸರ್ಕಾರ ಇದನ್ನು ಒಪ್ಪಿಕೊಂಡದ್ದು 1968ರಲ್ಲಿ.

ಇಂಗ್ಲೆಂಡಿನ ಶಿಫಂ ಎಂಬ ಹಳ್ಳಿಯ ಕಥೆ ಇದಕ್ಕೆ ವಿರುದ್ಧವಾದುದು. ಹಳೆಯ ಸತುವಿನ ಗಣಿಗಳಿದ್ದ ಆ ಹಳ್ಳಿಯ ಹಿತ್ತಿಲ ಮಣ್ಣಿನಲ್ಲಿ ಕ್ಯಾಡ್ಮಿಯಂ ಜಿಂಜು ಕಣಿವೆಯ ಗದ್ದೆಗಳಲ್ಲಿದ್ದುದಕ್ಕಿಂತ ಬಹು ಹೆಚ್ಚಾಗಿತ್ತು. 1979ರಲ್ಲಿ ಈ ಸುದ್ದಿ ತಿಳಿದು ಜನ ಗಾಬರಿಗೊಂಡರು. ಪರೀಕ್ಷೆಗಳು ನಡೆದಾಗ ಅವರಲ್ಲಿ ಕಂಡ ವ್ಯತ್ಯಾಸ ಅತ್ಯಲ್ಪ. ಅಲ್ಲಿಯ ಮಣ್ಣು ಸುಣ್ಣದ್ದು; ಹೊನ್ನೂರಿನಂಥ ಕಡೆ ಕಬ್ಬನ್ನು ಹಸಿವಿಗೆ ದೂಡುವ ಅದೇ ಗುಣ ಅಲ್ಲಿ ವಿಷವನ್ನು ತಡೆಹಿಡಿದಿತ್ತು. ಜೊತೆಗೆ ಅವರ ಆಹಾರದಲ್ಲಿ ಬಹುಪಾಲು ಬೇರೆ ಊರುಗಳಿಂದ ಬರುತ್ತಿತ್ತು.

ಆದುದರಿಂದ, ಮಣ್ಣಿನಲ್ಲಿ ಇಷ್ಟು ವಿಷವಿದೆ ಎಂಬ ಒಂದೇ ಅಂಕಿಯನ್ನು ಹಿಡಿದು ಕಾನೂನು ಮಾಡುವುದು ಸುಲಭವಲ್ಲ. ಮಕ್ಕಳ ಕೈಗಂಟಿ ಬಾಯಿ ಸೇರುವ ಧೂಳಿನಲ್ಲಿ ಸೀಸವೆಷ್ಟು ಅಪಾಯಕಾರಿ ಎಂದು ತಿಳಿಯಲು ವಿಜ್ಞಾನಿಗಳು ಕೃತಕ ಜಠರವೊಂದನ್ನು ರೂಪಿಸಿದ್ದಾರೆ. ಜಠರದಷ್ಟೇ ಹುಳಿಯಾದ ದ್ರಾವಣದಲ್ಲಿ, ಮೈಯ ಬಿಸಿಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಯವಾದ ಮಣ್ಣನ್ನು ಒಂದು ಗಂಟೆ ಕುಲುಕಿ, ಕರಗಿದ ಸೀಸವನ್ನು ಅಳೆಯುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2012ರಲ್ಲಿ, ಆಯಾ ಸ್ಥಳದ ಪರೀಕ್ಷೆ ನಡೆಯದಿದ್ದ ಪಕ್ಷದಲ್ಲಿ, ಮಣ್ಣಿನ ಆರ್ಸೆನಿಕ್ ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ಹೋಲಿಸಿದರೆ ನೂರಕ್ಕೆ 60 ಪಾಲು ದಕ್ಕುತ್ತದೆಂದು ಎಣಿಸಬೇಕೆಂದು ಸೂಚಿಸಿತು. ಇವೆಲ್ಲ ಉಪಯುಕ್ತವೇ. ಆದರೆ ಗಾಜಿನ ಕುಪ್ಪಿಗೆ ಹಸಿವಿಲ್ಲ. ಬರಿಹೊಟ್ಟೆಯಲ್ಲಿರುವ ಮಗುವಿನ ಕರುಳು, ಕಬ್ಬಿಣ ಮತ್ತು ಸುಣ್ಣದಂಶದ ಕೊರತೆಯಿರುವ ಮಗುವಿನ ಕರುಳು, ಉಂಡು ತೃಪ್ತವಾದ ಮಗುವಿನದಕ್ಕಿಂತ ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತದೆ. ಒಂದೇ ಬೀದಿಯ ಒಂದೇ ಧೂಳು ಬಡವರ ಮನೆಯ ಮಗುವಿಗೆ ಹೆಚ್ಚು ವಿಷವಾಗುತ್ತದೆ.

ಮಣ್ಣಿಗಂಟಿದ ವಿಷ ಅಲ್ಲೇ ಇರುತ್ತದೆಂಬ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ಕನ್ನಡ, ತುಳು ಮಾತಾಡುವ ಜನರ ಊರೊಂದು ತೋರಿಸಿಕೊಟ್ಟಿದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ ಎಂಬ ಗ್ರಾಮವಿದೆ. ಸುತ್ತಣ ಗುಡ್ಡಗಳ ಮೇಲೆ ಗೇರು ತೋಟ, ಕೆಳಗೆ ಮನೆಗಳು, ತೋಡುಗಳು, ಕುಡಿಯುವ ನೀರಿನ ಸುರಂಗಗಳು. 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನವರೆಗೆ ಆ ಗೇರುಗಿಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಊರಿನಲ್ಲಿ ಕಂಡ ವಿಚಿತ್ರ ಕಾಯಿಲೆಗಳತ್ತ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಾದವರು ಲೋಕದ ಗಮನ ಸೆಳೆದರು.

ಎಂಡೋಸಲ್ಫಾನ್ ನೀರಿನಲ್ಲಿ ಅಷ್ಟಾಗಿ ಕರಗದು. ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಇಷ್ಟನ್ನು ಮಾತ್ರ ಕೇಳಿದವರಿಗೆ ಅದು ಗುಡ್ಡದಲ್ಲಿಯೇ ಉಳಿಯುವುದೆಂಬ ಸಮಾಧಾನವಾಗಬಹುದು. ಆದರೆ ಮಳೆ ಸುರಿದಾಗ ಮಣ್ಣೇ ಹರಿದುಬರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡಿಸುತ್ತವೆ. ಆ ಮಗನು ತಂದೆಗಿಂತ ಹೆಚ್ಚು ಕಾಲ ಬಾಳುವವನು, ವಿಷದಲ್ಲಿ ತಂದೆಗೆ ಕಡಿಮೆಯವನಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ, ಕೊನೆಯ ಸಿಂಪಡಣೆಯಾಗಿ ಸುಮಾರು 10 ತಿಂಗಳ ಮೇಲೆ, ಗೇರು ಗುಡ್ಡದ ತಪ್ಪಲಿನ 117 ಶಾಲಾ ಬಾಲಕರನ್ನು, ಸುಮಾರು 20 ಕಿಲೋಮೀಟರು ದೂರದ ಊರೊಂದರ 90 ಬಾಲಕರನ್ನು ಪರೀಕ್ಷಿಸಿದರು. ತಪ್ಪಲಿನ ಬಾಲಕರಲ್ಲಿ ನೂರಕ್ಕೆ 78 ಮಂದಿಯ ರಕ್ತದಲ್ಲಿ ಆ ವಿಷದ ಅಂಶ ಸಿಕ್ಕಿತು. ದೂರದ ಊರಿನವರಲ್ಲಿ ನೂರಕ್ಕೆ 29 ಮಂದಿಯಲ್ಲಿ. ಸರಾಸರಿ ಪ್ರಮಾಣ ಶತಕೋಟಿಯಲ್ಲಿ 7.47 ಭಾಗ ಒಂದೆಡೆ, 1.37 ಭಾಗ ಇನ್ನೊಂದೆಡೆ. ಮಣ್ಣು, ನೀರು, ಎಲೆಗಳಲ್ಲಿ ವಿಷವಿದೆಯೇ ಎಂದು ಪ್ರಯೋಗಾಲಯಗಳು ವಾದಿಸುತ್ತಿದ್ದಾಗ ಹುಡುಗರ ರಕ್ತವು ತನ್ನ ಲೆಕ್ಕವನ್ನು ಇಟ್ಟುಕೊಂಡಿತ್ತು.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಹಿಡಿಯಿತು. ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ ಕೇರಳ ಸರ್ಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. ರಕ್ತ ಪರೀಕ್ಷೆಗೆ ತೋಳು ಚಾಚಿದ್ದ ಬಾಲಕರು ಅಷ್ಟರಲ್ಲಿ ಬೆಳೆದು ದೊಡ್ಡವರಾಗಿದ್ದರು.